ಕುತ್ತಿಗೆಯ ಒಪಿಎಲ್‌ಎಲ್‌ಗೆ ನರ್ವ್ ಬ್ಲಾಕ್ ಸಾಕಾ?

ಅಪ್ಪನಿಗೆ ಕುತ್ತಿಗೆಯಲ್ಲಿ ಒಪಿಎಲ್‌ಎಲ್ (ಲಿಗಮೆಂಟ್ ಮೂಳೆಯಾಗುವ ಕಾಯಿಲೆ) ಇದೆ, ಎಡಗೈಗೆ ನೋವು ಇಳಿಯುತ್ತದೆ, ನರ್ವ್ ಬ್ಲಾಕ್, ಅಂದರೆ ನರದ ಪಕ್ಕ ಹಾಕುವ ಇಂಜೆಕ್ಷನ್, ಮಾಡಿಸಿದರೆ ಆಪರೇಷನ್ ತಪ್ಪುತ್ತದಾ ಅಂತ ಕೇಳಿದ್ದೀರಿ ಅಲ್ವಾ? ನಾನು ಉಡುಪಿಯವ, ಡಾಕ್ಟರ್ ಅಲ್ಲ, ಇದೇ ಕಾಯಿಲೆಗೆ ಬ್ಲಾಕ್ ಮಾಡಿಸಿಕೊಂಡವ.

ಬ್ಲಾಕ್ ಇರುವುದು ನೋವಿಗೆ. ಕುತ್ತಿಗೆ ಮೂಳೆಗಳ ಹಿಂದೆ, ಬೆನ್ನುಹುರಿಗೆ ತಾಗಿಕೊಂಡೇ ಮೂಳೆಗಳನ್ನು ಜೋಡಿಸಿ ಹಿಡಿಯುವ ಒಂದು ಪಟ್ಟಿ, ಅಂದರೆ ಲಿಗಮೆಂಟ್ ಉಂಟು, ಈ ಕಾಯಿಲೆಯಲ್ಲಿ ಅದು ನಿಧಾನಕ್ಕೆ ಮೂಳೆಯಾಗಿ ದಪ್ಪವಾಗುತ್ತಾ ಹುರಿಯ ಜಾಗವನ್ನು ಒತ್ತುತ್ತದೆ. ಇಂಜೆಕ್ಷನ್‌ನಲ್ಲಿ ಇರುವುದು ಮರಗಟ್ಟಿಸುವ ಮದ್ದು, ಹೆಚ್ಚಾಗಿ ಜೊತೆಗೆ ಸ್ಟೀರಾಯ್ಡ್. ನರದ ಊತ ಇಳಿಯುತ್ತದೆ, ಮೂಳೆ ಕರಗುವುದಿಲ್ಲ. ನನಗೆ ರಾತ್ರಿ ನಿದ್ದೆ ಬಂತು, ಅದೇ ದೊಡ್ಡದು ಮಾರಾಯ್ರೇ, ಆದರೆ ಕೆಲವು ವಾರ ಕಳೆದ ಮೇಲೆ ನೋವು ಸ್ವಲ್ಪ ಸ್ವಲ್ಪ ವಾಪಸ್ ಬಂತು.

ಹಾಗಾಗಿ ನೋವಿಗಿಂತ ಜಾಸ್ತಿ ಅಪ್ಪನ ಕೈಕಾಲು ಗಮನಿಸಿ. ಅಂಗಿ ಗುಂಡಿ ಹಾಕಲು ತಡಕಾಡುತ್ತಾರಾ, ಅಕ್ಷರ ಕೆಟ್ಟಿದೆಯಾ, ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾರಾ, ಮೂತ್ರದ ಹಿಡಿತ ತಪ್ಪುತ್ತಿದೆಯಾ? ಇವು ಬೆನ್ನುಹುರಿಯೇ ಒತ್ತಿಹೋಗುತ್ತಿರುವ ಲಕ್ಷಣ. ಅದಕ್ಕೆ ಬ್ಲಾಕ್ ಉಪಯೋಗವಿಲ್ಲ, ಸ್ಪೈನ್ ಸರ್ಜನ್ ಹತ್ತಿರ ಬೇಗ ಹೋಗಬೇಕು. ಹಿಂದಿನಿಂದ ಮೂಳೆಯ ಕಮಾನನ್ನು ಬಾಗಿಲಿನ ಹಾಗೆ ತೆರೆದು ಜಾಗ ಮಾಡುವ ಲ್ಯಾಮಿನೋಪ್ಲಾಸ್ಟಿ ಅಂತ ಒಂದು ಆಪರೇಷನ್ ಇದೆ. 1970ರ ದಶಕದಲ್ಲಿ ಜಪಾನಿನವರು ಬೆಳೆಸಿದ್ದು, ಅವರಲ್ಲಿ ಈ ಕಾಯಿಲೆ ಜಾಸ್ತಿ.

ಕೈಕಾಲು ಸರಿಯಿದ್ದು ಬರೀ ನೋವಾದರೆ ಬ್ಲಾಕ್ ಮಾಡಿಸಬಹುದು. ಆದರೆ ಮೊದಲೇ ಕೇಳಿ: ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ಹಾಕುತ್ತಾರಾ? ಯಾವ ಸ್ಟೀರಾಯ್ಡ್? ಕುತ್ತಿಗೆಯಲ್ಲಿ ನರ ಹೊರಬರುವ ಕಿಂಡಿಯ ಪಕ್ಕದಲ್ಲೇ ಮೆದುಳಿಗೆ, ಬೆನ್ನುಹುರಿಗೆ ರಕ್ತ ಒಯ್ಯುವ ನಾಳಗಳಿವೆ. ಸಣ್ಣ ಕಣಗಳಿರುವ ಸ್ಟೀರಾಯ್ಡ್ ಅದರೊಳಗೆ ಹೋದರೆ ಸ್ಟ್ರೋಕ್ ಆಗುವ ಅಪಾಯ ಇದೆ, ಅದಕ್ಕೇ ಕಣಗಳಿಲ್ಲದ ಡೆಕ್ಸಾಮೆಥಸೋನ್ ಬಳಸುತ್ತಾರೆ. ಹುರಿಯ ಜಾಗ ತುಂಬಾ ಕಿರಿದಾದ ಕಡೆ ಎಪಿಡ್ಯೂರಲ್ (ಹುರಿಯ ಹೊದಿಕೆಯ ಹೊರಗಿನ ಜಾಗಕ್ಕೆ ಕೊಡುವ ಇಂಜೆಕ್ಷನ್) ಹಾಕುವುದೂ ಒಳ್ಳೆಯದಲ್ಲ, ಎಂಆರ್‌ಐ, ಸಿಟಿ ಎರಡನ್ನೂ ತೋರಿಸಿ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಿ, ಸುಮ್ನೆ ನೀವೇ ನಿಲ್ಲಿಸಬೇಡಿ. ಶುಗರ್ ಇದ್ದರೆ ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಏರುತ್ತದೆ.

ಇನ್ನು ಉಳುಕು ತೆಗೆಯುವವರು, ಸೆಲೂನಿನಲ್ಲಿ ಕುತ್ತಿಗೆ ಲಟಕ್ ಅನ್ನಿಸುವವರು, ಇವರ ಹತ್ತಿರ ಮಾತ್ರ ಬೇಡವೇ ಬೇಡ. ಬೀಳುವುದೂ ಅಷ್ಟೇ ಅಪಾಯ, ಈ ಕಾಯಿಲೆಯವರಿಗೆ ಸಣ್ಣ ಬೀಳುವಿಕೆಯಲ್ಲೂ ಕೈಕಾಲಿನ ಬಲ ಹೋಗಬಹುದು. ನಮ್ಮ ಕಡೆ ಮಳೆಗಾಲದಲ್ಲಿ ಅಂಗಳ ಪಾಚಿ ಹಿಡಿಯುತ್ತದಲ್ಲ, ಅದನ್ನು ಮೊದಲು ಕೆರೆಸಿಬಿಡಿ.