ಪಿಜಿ ಮಾಡಿದ್ರೆ ಸ್ಕೋಪ್ ಇದೆಯಾ, ಮೇಡಂ?

(ಸಲಹೆ ಕೇಳಲು ನನ್ನ ಬಳಿ ಬಂದ ಯುವತಿಯೊಬ್ಬರ ಕಥೆ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ ಯುವತಿ. ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿ ಮೂರು ವರ್ಷದಿಂದ ಕೆಲಸ. ಮ್ಯಾನುಫ್ಯಾಕ್ಚರಿಂಗ್ ಎಂಜಿನಿಯರಿಂಗ್‌ನಲ್ಲಿ ಪಿಜಿ ಮಾಡಿದರೆ ಸ್ಕೋಪ್ ಇದೆಯಾ ಅನ್ನುವುದು ಅವರ ಪ್ರಶ್ನೆ.

ಯಾಕೆ ಓದಬೇಕು ಅಂತ ಅನಿಸಿತು ಎಂದು ಕೇಳಿದೆ. ಮೂರು ಕಾರಣ ಕೊಟ್ಟರು. ಜೊತೆಗೆ ಓದಿದವರೆಲ್ಲ ಸಾಫ್ಟ್‌ವೇರ್‌ಗೆ ಹೋದರು. ಶಿಫ್ಟ್ ಕೆಲಸ ಸಾಕಾಗಿದೆ. ದೊಡ್ಡ ಡಿಗ್ರಿ ಇದ್ದರೆ ಆಫೀಸಿನಲ್ಲಿ ಕೂರುವ ಕೆಲಸ ಸಿಗುತ್ತದೆ ಎಂದು ಅಪ್ಪ ಹೇಳುತ್ತಾರೆ. ಈ ಮೂರೂ ಕಾರಣ ಇದ್ದೂ ಪಿಜಿ ಮಾಡಿ ಮತ್ತೆ ಅದೇ ಶಿಫ್ಟ್‌ಗೆ ಬಂದವರನ್ನು ನಾನು ನೋಡಿದ್ದೇನೆ. ಹಾಗಾಗಿ ಆ ಮಾತು ಬಿಟ್ಟು ಬೇರೆ ಕೇಳಿದೆ: "ಕೆಲಸದಲ್ಲಿ ನಿಮ್ಮ ತಲೆ ಕೆಡಿಸಿದ ಒಂದು ಸಮಸ್ಯೆ ಹೇಳಿ."

ಅಲ್ಲಿಯವರೆಗೆ ಒಂದೊಂದೇ ಮಾತಾಡುತ್ತಿದ್ದವರು ಪೆನ್ನು ಕೇಳಿ ಇಸಿದುಕೊಂಡರು. 25 ಮಿ.ಮೀ. ಬೋರ್ (ಭಾಗದೊಳಗಿನ ದುಂಡು ರಂಧ್ರ), ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವ ಮಿತಿ) ಎಚ್7. ಅಂದರೆ ಅಳತೆ 25.000ದಿಂದ 25.021ರ ಒಳಗೇ ಇರಬೇಕು, ಒಟ್ಟು 21 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್). ಇನ್ಸರ್ಟ್ (ಕತ್ತರಿಸುವ ಟೂಲ್‌ನ ತುದಿ) ಸವೆಯುತ್ತಾ ಹೋದ ಹಾಗೆ ಬೋರ್ ಚಿಕ್ಕದಾಗುತ್ತಾ ಹೋಗಬೇಕು. ಆದರೆ ಶಿಫ್ಟ್‌ನ ಮೊದಲ ಗಂಟೆಯಲ್ಲಿ ಮಾತ್ರ ಅದು ದೊಡ್ಡದಾಗುತ್ತದೆ! ಆಪರೇಟರ್ ಆಫ್‌ಸೆಟ್ (ಟೂಲ್ ನಿಲ್ಲುವ ಜಾಗದ ತಿದ್ದುಪಡಿ) ಹಾಕಿ ಸರಿ ಮಾಡುತ್ತಾರೆ, ಗಂಟೆ ಕಳೆದ ಮೇಲೆ ಅದನ್ನೇ ತಿರುಗಿಸಿ ಹಾಕುತ್ತಾರೆ. "ಎಲ್ಲರೂ ಇದು ಮಾಮೂಲಿ ಅಂತಾರೆ ಮೇಡಂ. ನನಗೆ ಮಾತ್ರ ಮಷೀನ್ ಬಿಸಿಯಾಗೋದಕ್ಕೂ ಇದಕ್ಕೂ ಸಂಬಂಧ ಇದೆ ಅನ್ಸುತ್ತೆ."

ಕಾಗದದ ಮೇಲೇ ಲೆಕ್ಕ ಹಾಕಿ ತೋರಿಸಿದರು. ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಸುಮಾರು 12 ಮೈಕ್ರಾನ್ ಉದ್ದವಾಗುತ್ತದೆ. ಟೂಲನ್ನು ಸರಿಸುವ ಬಾಲ್‌ಸ್ಕ್ರೂನ 300 ಮಿ.ಮೀ. ಭಾಗ 5 ಡಿಗ್ರಿ ಬಿಸಿಯಾದರೆ 18 ಮೈಕ್ರಾನ್. ಲೇತ್‌ನಲ್ಲಿ (ಭಾಗವನ್ನು ತಿರುಗಿಸುತ್ತಾ ಕತ್ತರಿಸುವ ಮಷೀನ್) ಟೂಲ್ ಅಷ್ಟು ಸರಿದರೆ ವ್ಯಾಸದಲ್ಲಿ ಎರಡರಷ್ಟು. ಸ್ವಲ್ಪ ಬಿಸಿ ಸಾಕು, ಟಾಲರೆನ್ಸ್ ಪೂರ್ತಿ ನುಂಗಿಬಿಡುತ್ತದೆ. ಇದನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಮುಂದೆ ಹೇಗೆ ಅಳೆಯುವುದು, ಹೇಗೆ ಮಾಡೆಲ್ ಮಾಡುವುದು ಅನ್ನುವಲ್ಲಿ ಮಾತ್ರ ನಿಂತುಬಿಟ್ಟಿದ್ದರು.

ಓದಲು ಇದು ಸರಿಯಾದ ಕಾರಣ ಎಂದೆ. ಮಷೀನ್ ಬಿಸಿಯಾಗಿ ಅಳತೆ ತಪ್ಪುವುದು ಮಷೀನ್ ಟೂಲ್ ಸಂಶೋಧನೆಯಲ್ಲಿ ಬಹಳ ಹಳೆಯ, ಇನ್ನೂ ಮುಗಿಯದ ವಿಷಯ. ಅದರ ಮೇಲೆ ಪ್ರಾಜೆಕ್ಟ್ ಮಾಡಿದವರನ್ನು ಮಷೀನ್ ತಯಾರಕರು, ವಿಮಾನದ ಭಾಗ ಮಾಡುವವರು, ಮೆಟ್ರಾಲಜಿ (ನಿಖರ ಅಳತೆ) ಕಂಪನಿಗಳು ಕೂರಿಸಿಕೊಂಡು ಮಾತಾಡಿಸುತ್ತವೆ. ಡಿಗ್ರಿಯ ಹೆಸರು ನಿಮ್ಮನ್ನು ಇಂಟರ್‌ವ್ಯೂ ಬಾಗಿಲವರೆಗೆ ತರಬಹುದು. ಒಳಗೆ ಕೇಳುವುದು ಮಾತ್ರ ಪ್ರಾಜೆಕ್ಟ್ ಬಗ್ಗೆಯೇ.

ಕೆಲಸಗಳ ವಿಷಯವನ್ನೂ ಬಿಚ್ಚಿಯೇ ಹೇಳಿದೆ. ಪ್ರೊಸೆಸ್ ಎಂಜಿನಿಯರ್, ಟೂಲ್ ಮತ್ತು ಫಿಕ್ಸ್‌ಚರ್ (ಭಾಗವನ್ನು ಹಿಡಿದಿಡುವ ಸಾಧನ) ಡಿಸೈನ್, ಹೊಸ ಉತ್ಪನ್ನವನ್ನು ಲೈನ್‌ಗೆ ತರುವ ಕೆಲಸ, ಸಪ್ಲೈಯರ್ ಕ್ವಾಲಿಟಿ. ಇವೆಲ್ಲ ಪಿಜಿ ಇಲ್ಲದೆಯೂ ಅನುಭವದಿಂದ ಸಿಗುತ್ತವೆ. ಇಲ್ಲಿ ಎರಡು ವರ್ಷ ಓದಿದವರಿಗೂ ಎರಡು ವರ್ಷ ಚೆನ್ನಾಗಿ ದುಡಿದವರಿಗೂ ಮೊದಲ ಸಂಬಳದಲ್ಲಿ ದೊಡ್ಡ ಅಂತರ ಇರುತ್ತದೆ ಅಂದುಕೊಳ್ಳಬೇಡಿ. ಪಿಜಿ ನಿಜವಾಗಿ ಬೇಕಾಗುವುದು ಆರ್ ಆ್ಯಂಡ್ ಡಿಗೆ, ಸಿಮ್ಯುಲೇಷನ್‌ಗೆ, ಮೆಟಲ್ 3ಡಿ ಪ್ರಿಂಟಿಂಗ್‌ನಂಥ ಪ್ರಕ್ರಿಯೆ ಕಟ್ಟುವ ಕೆಲಸಕ್ಕೆ, ಪಾಠ ಮಾಡುವುದಕ್ಕೆ, ಪಿಎಚ್‌ಡಿಗೆ. ಇವುಗಳಲ್ಲಿ ಯಾವುದೂ ಬೇಡ ಅಂದರೆ ಸುಮ್ನೆ ಎರಡು ವರ್ಷ ಕೊಡಬೇಡಿ.

ಸಾಫ್ಟ್‌ವೇರ್‌ಗೆ ಹಾರಬೇಕಾ ಅಂತಲೂ ಕೇಳಿದರು. ಕೋಡ್ ಇಷ್ಟ ಇದ್ದರೆ ಹೋಗಿ, ತಪ್ಪೇನಿಲ್ಲ. ಆದರೆ ಈಗ ಕಾರ್ಖಾನೆಗಳಲ್ಲಿ ಸೆನ್ಸರ್ ಡೇಟಾ ರಾಶಿ ಬಿದ್ದಿದೆ, ಅದನ್ನು ಓದುವವರಿಗೆ ಇನ್ಸರ್ಟ್ ಹೇಗೆ ಸವೆಯುತ್ತದೆ ಅಂತ ಗೊತ್ತಿರಬೇಕಲ್ವಾ? ಪೈಥಾನ್, ಅಂಕಿಅಂಶ, ಪ್ರಯೋಗಗಳನ್ನು ಯೋಜಿಸುವ ವಿಧಾನ, ಇಷ್ಟು ಕಲಿತರೆ ಇವರ ಮೂರು ವರ್ಷದ ಅನುಭವಕ್ಕೆ ಬೆಲೆ ಜಾಸ್ತಿಯಾಗುತ್ತದೆ. ಸಿಪಿಕೆ (ಅಳತೆ ಟಾಲರೆನ್ಸ್ ಒಳಗೆ ಎಷ್ಟು ಚೆನ್ನಾಗಿ ನಿಲ್ಲುತ್ತದೆ ಎಂದು ತೋರಿಸುವ ಅಂಕಿ) 1.33 ಬಂತಾ ಇಲ್ವಾ ಅಂತ ನೋಡುವುದು ಬೇರೆ, ಯಾಕೆ ಬರಲಿಲ್ಲ ಅಂತ ಹುಡುಕುವುದು ಬೇರೆ.

ಕಾಲೇಜು ಆರಿಸುವ ಬಗ್ಗೆ ನನಗೆ ಸ್ವಲ್ಪ ಹಠವೇ ಇದೆ. ಕೋರ್ಸ್ ಹೆಸರಿನಲ್ಲಿ 'ಸ್ಮಾರ್ಟ್', 'ಡಿಜಿಟಲ್' ಅಂತ ಇದೆ ಎಂದು ಸೇರಬೇಡಿ. ಹಿಂದಿನ ವಿದ್ಯಾರ್ಥಿಗಳ ಥೀಸಿಸ್ ಶೀರ್ಷಿಕೆಗಳನ್ನು ತರಿಸಿಕೊಳ್ಳಿ. ಅರ್ಧಕ್ಕಿಂತ ಹೆಚ್ಚು ಬರೀ ಕಂಪ್ಯೂಟರ್ ಮೇಲೇ ಮುಗಿದಿದ್ದರೆ ಎಚ್ಚರ. ಲ್ಯಾಬ್‌ನಲ್ಲಿ ಸಿಎಂಎಂ (ಭಾಗಗಳನ್ನು ನಿಖರವಾಗಿ ಅಳೆಯುವ ಮಷೀನ್) ಇದೆಯಾ, ಕತ್ತರಿಸುವ ಬಲ ಅಳೆಯುವ ಡೈನಮೋಮೀಟರ್ ಇದೆಯಾ ಎಂದು ಕೇಳಿ. ಇದೆ ಅಂದರೆ ಮುಂದಿನ ಪ್ರಶ್ನೆ: ವಿದ್ಯಾರ್ಥಿಗಳು ಅದನ್ನು ಮುಟ್ಟಬಹುದಾ? ಗಾಜಿನ ಕೋಣೆಯಲ್ಲಿ ಬೀಗ ಹಾಕಿಟ್ಟ ಮಷೀನ್‌ಗಳನ್ನೂ ಕಂಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಅಪ್ಪನ ಜೊತೆ ಒಮ್ಮೆ ಮಾತಾಡಿದೆ. ಆಫೀಸಿನ ಕುರ್ಚಿಗೆ ಹೋದರೂ ಮಗಳು ಮಷೀನ್‌ಗಳಿರುವ ಫ್ಲೋರ್‌ಗೆ ಇಳಿಯಬೇಕಾಗುತ್ತದೆ, ಈ ವಿಷಯದ ಸ್ವಭಾವವೇ ಅದು ಎಂದೆ. ಪೂರ್ತಿ ಒಪ್ಪಲಿಲ್ಲ. ಆದರೆ ರಾತ್ರಿ ಶಿಫ್ಟ್ ತಪ್ಪುವ ಸಾಧ್ಯತೆ ಇದೆ ಅಂದಾಗ ಸಮಾಧಾನವಾಯಿತು.

ಕೆಲಸ ಬಿಡುವ ಮೊದಲು ಒಂದು ಕೆಲಸ ಕೊಟ್ಟೆ. ಆ ಬೋರ್ ಸಮಸ್ಯೆಯನ್ನು ನಾಲ್ಕು ಪುಟದಲ್ಲಿ ಬರೆಯಿರಿ, ಅಳತೆ ಮತ್ತು ಉಷ್ಣಾಂಶ ಒಂದೇ ಗ್ರಾಫ್‌ನಲ್ಲಿ ಬರಲಿ. ಕಂಪನಿಯ ಅನುಮತಿ ಕೇಳಿ, ಅದರ ಹೆಸರು ಹಾಕಬೇಡಿ. ಅದನ್ನೇ ಪ್ರೊಫೆಸರ್‌ಗಳಿಗೆ ಕಳಿಸಿ.

ಮುಂದಿನ ಭೇಟಿಗೆ ಗ್ರಾಫ್ ಹಿಡಿದೇ ಬಂದರು. ಮ್ಯಾನೇಜರ್ ಓದುವ ಖರ್ಚು ಕೊಡಲು ಒಪ್ಪಿಲ್ಲ, ಆದರೆ ಪ್ರಾಜೆಕ್ಟ್‌ಗೆ ಮಷೀನ್ ಬಿಟ್ಟುಕೊಡಲು ಒಪ್ಪಿದ್ದಾರೆ. ಇಬ್ಬರು ಪ್ರೊಫೆಸರ್‌ಗಳು ಉತ್ತರ ಬರೆದಿದ್ದಾರೆ. ಒಬ್ಬರದು ಹೆಸರಾಂತ ಸಂಸ್ಥೆ, ಆದರೆ ವಿಷಯ ಬೇರೆ. ಇನ್ನೊಬ್ಬರದು ಚಿಕ್ಕ ಕಾಲೇಜು, ಕೆಲಸ ಇದೇ. ಎರಡನೆಯವರ ಲ್ಯಾಬ್‌ಗೆ ಮೊದಲು ಹೋಗಿ ಬನ್ನಿ, ಅಲ್ಲಿನ ವಿದ್ಯಾರ್ಥಿಗಳ ಜೊತೆ ಪ್ರೊಫೆಸರ್ ಇಲ್ಲದಾಗ ಮಾತಾಡಿ, ಆಮೇಲೆ ಅರ್ಜಿ ತುಂಬಿ ಎಂದು ಹೇಳಿ ಕಳಿಸಿದ್ದೇನೆ.