ಜನಪದ ಹಾಡುಗಳಿರುವ ಮಕ್ಕಳ ಪುಸ್ತಕಕ್ಕೆ ಪ್ರಕಾಶಕರನ್ನು ಹುಡುಕುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಆರರಿಂದ ಎಂಟು ವರ್ಷದ ಮಕ್ಕಳಿಗಾಗಿ ಕತೆ ಬರೆದಿದ್ದೀರಿ. ಅದರಲ್ಲಿ ಕಂಸಾಳೆ, ಡೊಳ್ಳು, ಚೌಡಿಕೆ ವಾದ್ಯಗಳು ಬರುತ್ತವೆ, ನಡುನಡುವೆ ಜನಪದ ಹಾಡುಗಳಿವೆ. ಯಾರಿಗೆ ಕಳಿಸಬೇಕು, ಚಿತ್ರ ನೀವೇ ಬರೆಸಬೇಕೆ, ಅಚ್ಚಿನ ಖರ್ಚು ಕೊಡಿ ಅಂದವರಿಗೆ ಕೊಡಬಹುದೆ?

ಪ್ರಕಾಶಕರ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಹಾಡುಗಳ ಹಕ್ಕು ಇತ್ಯರ್ಥ ಮಾಡಿಕೊಳ್ಳಿ. ಇಂಥ ಹಸ್ತಪ್ರತಿ ವಾಪಸ್ ಬಂದರೆ ಕತೆ ಚೆನ್ನಾಗಿಲ್ಲ ಎಂದೇ ಅರ್ಥವಲ್ಲ. ಹಾಡು ಯಾರದು, ಧಾಟಿ ಯಾರದು ಎಂದು ಗೊತ್ತಾಗದಿದ್ದರೆ ಸಂಪಾದಕರು ಮುಂದುವರಿಯಲು ಹಿಂಜರಿಯುತ್ತಾರೆ.

ಬಾಯಿಂದ ಬಾಯಿಗೆ ಬಂದ ಸಾಲುಗಳಿಗೆ ಒಡೆಯರಿಲ್ಲ, ಸರಿ. ಆದರೆ ಜನಪದ ಎಂದು ನಾವು ಹಾಡಿಕೊಳ್ಳುವ ಎಲ್ಲವೂ ಹಾಗಲ್ಲ. ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡರು. ಅವರ ಪದಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಈಗ ಮನೆಮನೆಯಲ್ಲಿ ಕೇಳುವ ಧಾಟಿಗಳಲ್ಲಿ ಹಲವು ಸಿ. ಅಶ್ವತ್ಥ್ ಸಂಯೋಜಿಸಿದವು. ಅವರು ತೀರಿಕೊಂಡದ್ದು 2009ರಲ್ಲಿ. ಕರ್ತೃ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ, ಅಂದರೆ 2069ರ ಕೊನೆಯವರೆಗೆ. ಪದ ಹಾಕಿಕೊಳ್ಳಿ, ಆ ಧಾಟಿಯ ಸ್ವರಲಿಪಿಯನ್ನೋ ಧ್ವನಿಯನ್ನೋ ಹಾಕಬೇಕಾದರೆ ಅನುಮತಿ ಬೇಕು. ಧ್ವನಿಮುದ್ರಣಕ್ಕೆ ಅದರದ್ದೇ ಹಕ್ಕು, ಹಾಡಿದವರಿಗೆ ಅವರದೇ ಹಕ್ಕು. ಹಾಗಾಗಿ ಯೂಟ್ಯೂಬಿನಲ್ಲಿ ಸಿಕ್ಕ ಹಾಡನ್ನು ಇಳಿಸಿಕೊಂಡು ಪುಸ್ತಕಕ್ಕೆ ಜೋಡಿಸಬೇಡಿ. ಅಚ್ಚಾದ ಸಂಗ್ರಹದಿಂದ ಎತ್ತಿದ್ದರೆ ಸಂಗ್ರಾಹಕರ ಹೆಸರು, ಮುದ್ರಣದ ವರ್ಷ ಬರೆದಿಟ್ಟುಕೊಳ್ಳಿ. ಅವರ ಟಿಪ್ಪಣಿ, ತಿದ್ದುಪಡಿ, ಅರ್ಥವಿವರಣೆ ಅವರವೇ.

ನೀವೇ ಕಲಾವಿದರ ಹತ್ತಿರ ಕೇಳಿ ಬರೆದುಕೊಂಡಿದ್ದರೆ ಒಂದು ಪುಟದ ಒಪ್ಪಿಗೆ ಪತ್ರ ಕನ್ನಡದಲ್ಲೇ ಮಾಡಿಸಿ. ಹಾಡಿದವರ ಹೆಸರು, ಊರು, ಹಾಡಿನ ಮೊದಲ ಸಾಲು, ತಾರೀಖು, ಕೊಟ್ಟ ಸಂಭಾವನೆ, ಹೆಸರು ಎಲ್ಲಿ ಅಚ್ಚಾಗಬೇಕು ಇವಿಷ್ಟು ಇರಲಿ. ಬಳಕೆಗಳನ್ನು ಬಿಡಿಬಿಡಿಯಾಗಿ ಬರೆಯಿರಿ: ಮುದ್ರಣ, ಧ್ವನಿ, ಇಂಟರ್ನೆಟ್, ಅನುವಾದ, ಉಚಿತ ಹಂಚಿಕೆ. ಓದು ಬರದವರಾದರೆ ಗಟ್ಟಿಯಾಗಿ ಓದಿ ಹೇಳಿ, ಅವರು ಒಪ್ಪಿದ್ದನ್ನು ಧ್ವನಿಮುದ್ರಿಸಿಕೊಳ್ಳಿ. ಇನ್ನೊಂದು ಮಾತು. ಮಾದಪ್ಪನ ಕಂಸಾಳೆ ಪದ, ಯಲ್ಲಮ್ಮನ ಚೌಡಿಕೆ ಪದ ಹಾಡುವವರಿಗೆ ಅವು ಪೂಜೆ. ಯಾವ ಭಾಗವನ್ನು ಮಕ್ಕಳ ಕತೆಗೆ ತರಬಹುದು ಎಂದು ಅವರನ್ನೇ ಕೇಳಿ. ಬೇಡ ಅಂದದ್ದನ್ನು ಬಿಟ್ಟುಬಿಡಿ.

ಇನ್ನು ಹಾಡು ಪುಟದ ಮೇಲೆ ಹೇಗೆ ಕೂರುತ್ತದೆ ಅನ್ನುವುದು. ತ್ರಿಪದಿಯನ್ನು ಮೂರು ಸಾಲಾಗಿ ಅಚ್ಚು ಹಾಕಿದರೆ ಓದಲು ಚೆಂದ, ಹಾಡಲು ಹೊರಟ ಮಗು ತಡವರಿಸುತ್ತದೆ. ಏಕೆಂದರೆ ಹಾಡುವಾಗ ಎರಡನೆಯ ಸಾಲು ಮತ್ತೆ ಬರುತ್ತದೆ. ಮಕ್ಕಳ ಪುಸ್ತಕದಲ್ಲಿ ಆ ಸಾಲನ್ನು ಎರಡು ಸಲ ಅಚ್ಚು ಹಾಕುವುದೇ ಒಳ್ಳೆಯದು. ‘ಕೋಲು ಕೋಲಣ್ಣ ಕೋಲೆ’, ‘ತಂದಾನ ತಾನ’ ಇಂಥ ಸೊಲ್ಲುಗಳನ್ನು ಧಾರಾಳವಾಗಿ ಉಳಿಸಿಕೊಳ್ಳಿ; ಮಗು ಮೊದಲು ಹಿಡಿದುಕೊಳ್ಳುವುದು ಅದನ್ನೇ. ಒಂದು ಜೋಡಿಪುಟಕ್ಕೆ (ಎದುರುಬದುರಿನ ಎರಡು ಪುಟ) ನಾಲ್ಕು ಸಾಲಿಗಿಂತ ಹೆಚ್ಚು ಹಾಡು ಬೇಡ. ಆಡುಮಾತನ್ನು ಗ್ರಂಥಭಾಷೆಗೆ ತಿದ್ದಲೂಬೇಡಿ, ಮಾತ್ರೆ ತಪ್ಪುತ್ತದೆ. ಕಷ್ಟದ ಮಾತುಗಳ ಅರ್ಥವನ್ನು ಕೊನೆಯ ಪುಟದಲ್ಲಿ ಕೊಟ್ಟರೆ ಸಾಕು.

ಚಿತ್ರಪುಸ್ತಕ ಸಾಮಾನ್ಯವಾಗಿ 24 ಇಲ್ಲವೆ 32 ಪುಟ. ಒಂದು ಫಾರಂಗೆ (ಒಮ್ಮೆಗೆ ಅಚ್ಚಾಗಿ ಮಡಚುವ ಹಾಳೆ) 16 ಪುಟ, ಅರ್ಧ ಫಾರಂಗೆ 8 ಆದ್ದರಿಂದ 28 ಪುಟದ ಕತೆ ಅಚ್ಚಿನವರಿಗೆ ತಲೆನೋವು, ಕಾಗದವೂ ದಂಡ. ಶೀರ್ಷಿಕೆ, ಮುದ್ರಣ ವಿವರ, ಅರ್ಥಕೋಶದ ಪುಟಗಳನ್ನು ಕಳೆದರೆ 32 ಪುಟದಲ್ಲಿ ಕತೆಗೆ ಉಳಿಯುವುದು ಹದಿಮೂರು ಹದಿನಾಲ್ಕು ಜೋಡಿಪುಟ. ಹಸ್ತಪ್ರತಿಯನ್ನು ಆ ಲೆಕ್ಕಕ್ಕೇ ಕತ್ತರಿಸಿ, ಪ್ರತಿ ಜೋಡಿಪುಟಕ್ಕೂ ‘ಚಿತ್ರದಲ್ಲಿ ಏನಿದೆ’ ಎಂದು ಒಂದು ಸಾಲು ಸೇರಿಸಿ. ಚಿತ್ರ ತೋರಿಸುವುದನ್ನು ಮಾತಿನಲ್ಲಿ ಮತ್ತೆ ಹೇಳಬೇಡಿ.

ಚಿತ್ರ ನೀವು ಬರೆಸುವ ಅಗತ್ಯವಿಲ್ಲ. ಚಿತ್ರಪುಸ್ತಕದ ಪ್ರಕಾಶಕರು ಕಲಾವಿದರನ್ನು ತಾವೇ ಆರಿಸುತ್ತಾರೆ. ನೀವು ದುಡ್ಡು ಕೊಟ್ಟು ಬರೆಸಿದ್ದು ಅವರಿಗೆ ಹಿಡಿಸದಿದ್ದರೆ ಕತೆಗೂ ಅಡ್ಡಿ. ಕಳಿಸಬೇಕಾದದ್ದು ವಾದ್ಯಗಳ ಫೋಟೊ. ಇಲ್ಲೇ ತಪ್ಪುಗಳು ನುಸುಳುತ್ತವೆ: ಡೊಳ್ಳು ಹೋಗಿ ಢೋಲಕ್ ಆಗುತ್ತದೆ, ಕಂಸಾಳೆ ಹೋಗಿ ಭಜನೆ ತಾಳ ಆಗುತ್ತದೆ. ಕಂಸಾಳೆಯಲ್ಲಿ ಒಂದು ಬಟ್ಟಲಿನಂತೆ ಗುಳಿಯಿರುವುದು, ಅಂಗೈಯಲ್ಲಿ ಕೂರುತ್ತದೆ. ಇನ್ನೊಂದು ಚಪ್ಪಟೆಯ ಕಂಚಿನ ತಾಳ, ದಾರ ಕಟ್ಟಿ ಬೀಸುವಂಥದ್ದು. ಚೌಡಿಕೆ ತಂತಿವಾದ್ಯ, ಕೆಳಗೆ ಚರ್ಮ ಬಿಗಿದಿರುವುದನ್ನು ಕಂಡು ಅದನ್ನು ಚಿಕ್ಕ ಡೋಲಿನಂತೆ ಬರೆದುಬಿಡುವ ಅಪಾಯವಿದೆ. ಹಿಡಿದ ಕೈ, ನುಡಿಸುವ ಭಂಗಿ, ಪಕ್ಕದ ನೋಟ, ಹೀಗೆ ಒಂದೊಂದು ವಾದ್ಯಕ್ಕೆ ಮೂರು ಫೋಟೊ ಇರಲಿ. ರಾಮನಗರದ ಹತ್ತಿರದ ಜಾನಪದ ಲೋಕದ ವಸ್ತುಸಂಗ್ರಹಾಲಯದಲ್ಲಿ ವಾದ್ಯಗಳನ್ನು ಎದುರಿಗೇ ನೋಡಬಹುದು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ಅಲ್ಲಿನ ಅಧ್ಯಾಪಕರನ್ನು ಕೇಳಿ ನೋಡಿ.

ಈಗ ಪ್ರಕಾಶಕರು. ಚೆನ್ನೈನ ತೂಲಿಕಾ ಒಂದೇ ಚಿತ್ರಪುಸ್ತಕವನ್ನು ಇಂಗ್ಲಿಷ್, ಕನ್ನಡ ಸೇರಿ ಹಲವು ಭಾಷೆಗಳಲ್ಲಿ ತರುತ್ತದೆ. ಅಂಥ ಕಡೆಗೆ ಕಳಿಸುವುದಾದರೆ ಹಾಡು ಅನುವಾದವನ್ನೂ ತಾಳಬೇಕು. ಸೊಲ್ಲು, ಅನುಕರಣ ಶಬ್ದಗಳು ಹಾಗೇ ದಾಟುತ್ತವೆ. ಕನ್ನಡದ ಶ್ಲೇಷೆಯ ಮೇಲೆ ನಿಂತ ಕತೆ ದಾಟುವುದಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಲಾಭಕ್ಕಲ್ಲದ ಸಂಸ್ಥೆ, ಅದರ ಸ್ಟೋರಿವೀವರ್ ತಾಣದ ಪುಸ್ತಕಗಳು ಕ್ರಿಯೇಟಿವ್ ಕಾಮನ್ಸ್ ಮುಕ್ತ ಪರವಾನಗಿಯಲ್ಲಿ ಬರುತ್ತವೆ. ಯಾರು ಬೇಕಾದರೂ ಮರುಮುದ್ರಿಸಬಹುದು, ಅನುವಾದಿಸಬಹುದು, ಮಾರಲೂಬಹುದು. ಹಾಡಿದವರು ಅಷ್ಟಕ್ಕೆ ಒಪ್ಪಿದ್ದಾರೆಯೆ ಎಂದು ಪತ್ರ ನೋಡಿಕೊಳ್ಳಿ. ಅಲ್ಲಿನ ಓದಿನ ಹಂತಗಳೂ ಉಪಯೋಗಕ್ಕೆ ಬರುತ್ತವೆ: ಮೊದಲ ಹಂತ 250 ಪದದವರೆಗೆ, ಎರಡನೆಯದು 600ರವರೆಗೆ, ಮೂರನೆಯದು 1500ರವರೆಗೆ. ನಿಮ್ಮ ಕತೆ ಎರಡನೆಯ ಹಂತಕ್ಕೆ ಇಳಿದರೆ ಒಳ್ಳೆಯದು. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯ ಮಾಲೆಯಲ್ಲಿ ಕನ್ನಡ ಪುಸ್ತಕಗಳಿವೆ. ಸರ್ಕಾರಿ ಸಂಸ್ಥೆ, ತಾಳ್ಮೆ ಬೇಕು. ನವಕರ್ನಾಟಕಕ್ಕೆ ಮಕ್ಕಳ ಪುಸ್ತಕಗಳ ದೊಡ್ಡ ಪಟ್ಟಿಯೂ ಸ್ವಂತ ಮಳಿಗೆಗಳೂ ಇವೆ; ಕನ್ನಡ ಓದುಗರನ್ನೇ ನೆಚ್ಚಿ ಬರೆದ ಕತೆಗೆ ನಾನು ಮೊದಲು ಸೂಚಿಸುವುದು ಅದನ್ನೇ. ಕಳಿಸುವ ಮೊದಲು ಆಯಾ ತಾಣದಲ್ಲಿ ಹಸ್ತಪ್ರತಿ ತೆಗೆದುಕೊಳ್ಳುತ್ತಿದ್ದಾರೆಯೆ ಎಂದು ನೋಡಿ.

ಕಂತೆಯಲ್ಲಿ ಅರ್ಧ ಪುಟದ ಪತ್ರ, ಜೋಡಿಪುಟಗಳಾಗಿ ಕತ್ತರಿಸಿದ ಹಸ್ತಪ್ರತಿ, ಫೋಟೊ, ಒಪ್ಪಿಗೆ ಪತ್ರದ ಪ್ರತಿ, ಜೊತೆಗೆ ಒಂದು ನಿಮಿಷದ ಹಾಡಿನ ಧ್ವನಿ ಇರಲಿ. ಆ ಒಂದು ನಿಮಿಷ ನಿಮ್ಮ ಹತ್ತು ಸಾಲಿನ ವಿವರಣೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಕಡತ ಯೂನಿಕೋಡಿನಲ್ಲಿರಲಿ, ಹಳೆಯ ನುಡಿ ಫಾಂಟಿನಲ್ಲಿ ಕಳಿಸಿದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಗೀಚು ಕಾಣುತ್ತದೆ. ಇಬ್ಬರು ಮೂವರಿಗೆ ಒಟ್ಟಿಗೇ ಕಳಿಸಿದ್ದರೆ ಅದನ್ನು ಪತ್ರದಲ್ಲಿ ಹೇಳಿ. ಮೂರು ತಿಂಗಳಾದ ಮೇಲೆ ಒಮ್ಮೆ ವಿಚಾರಿಸಿ.

ಪುಸ್ತಕದಲ್ಲಿ ಧ್ವನಿ ಬೇಕೆಂದರೆ ಕ್ಯೂಆರ್ ಕೋಡ್ ಸಾಕು. ಎರಡು ಸೆಂಟಿಮೀಟರಿಗಿಂತ ಚಿಕ್ಕದು ಬೇಡ, ಬಣ್ಣದ ಚಿತ್ರದ ಮೇಲೆ ಬೇಡ, ಬಿಳಿ ಜಾಗದಲ್ಲಿರಲಿ. ಪುಕ್ಕಟೆ ಸೇವೆಯ ತಾಣದ ಮೂಲಕ ಹಾದುಹೋಗುವ ಕೋಡಿನ ಕೊಂಡಿ ಆ ಸೇವೆ ನಿಂತ ದಿನ ಸಾಯುತ್ತದೆ, ಅಚ್ಚಾದ ಸಾವಿರ ಪ್ರತಿ ಮೂಕವಾಗುತ್ತವೆ. ಪ್ರಕಾಶಕರ ಸ್ವಂತ ತಾಣದ ಪುಟಕ್ಕೇ ಕೋಡ್ ಹೋಗಲಿ.

ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ ಹಕ್ಕುಸ್ವಾಮ್ಯ ಕಾಯ್ದೆ ಅದನ್ನು 5 ವರ್ಷ ಎಂದು ಹಿಡಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಎಂದು. ಹಕ್ಕು ಪಡೆದವರು ಒಂದು ವರ್ಷದೊಳಗೆ ಬಳಸದಿದ್ದರೆ ಅದು ನಿಮಗೆ ಮರಳುತ್ತದೆ, ಆದರೆ ಒಪ್ಪಂದದಲ್ಲಿ ಬೇರೆ ಮಾತಿದ್ದರೆ ಇಲ್ಲ. ಅದನ್ನೇ ಹುಡುಕಿ ಓದಿ. ಗೌರವಧನ ಮುಖಬೆಲೆಯ ಶೇ. 10 ಎಂದಿಟ್ಟುಕೊಳ್ಳಿ, ಚಿತ್ರಪುಸ್ತಕದಲ್ಲಿ ಬರೆದವರೂ ಚಿತ್ರಕಾರರೂ ಅದನ್ನು ಹಂಚಿಕೊಳ್ಳುವುದುಂಟು. 120 ರೂಪಾಯಿಯ ಪುಸ್ತಕ ಸಾವಿರ ಪ್ರತಿ ಮಾರಿದರೆ ಒಟ್ಟು 12,000, ನಿಮ್ಮ ಪಾಲಿಗೆ 6,000.

ಅಚ್ಚಿನ ಖರ್ಚು ಕೇಳಿದವರನ್ನು ಇಷ್ಟು ಕೇಳಿ: ಎಷ್ಟು ಪ್ರತಿ, ಅವು ಯಾರ ಗೋದಾಮಿನಲ್ಲಿ, ಅಂಗಡಿಗಳಿಗೆ ಯಾರು ತಲುಪಿಸುತ್ತಾರೆ, ಗ್ರಂಥಾಲಯ ಖರೀದಿಗೆ ಯಾರು ಅರ್ಜಿ ಹಾಕುತ್ತಾರೆ, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಯಾರ ಹೆಸರಿನಲ್ಲಿ. ಐಎಸ್‌ಬಿಎನ್‌ಗೆಂದು ಬೇರೆ ದುಡ್ಡು ಕೇಳಿದರೆ ಎಚ್ಚರ. ಭಾರತದಲ್ಲಿ ರಾಜಾ ರಾಮಮೋಹನ ರಾಯ್ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ. ಉತ್ತರ ‘ಪ್ರತಿಗಳೆಲ್ಲ ನಿಮ್ಮ ಮನೆಗೆ’ ಎಂದಾದರೆ ಅವರು ಅಚ್ಚಿನವರು, ಪ್ರಕಾಶಕರಲ್ಲ. ಆಗ ನೀವೇ ಮುದ್ರಕರನ್ನು ಹಿಡಿದರೆ ಖರ್ಚು ನಿಮ್ಮ ಕೈಯಲ್ಲಿರುತ್ತದೆ. ನಾಲ್ಕು ಬಣ್ಣದ ಆಫ್‌ಸೆಟ್ ಸಾವಿರ ಪ್ರತಿಗಿಂತ ಕೆಳಗೆ ದುಬಾರಿ, ಪ್ಲೇಟಿನ ಖರ್ಚು ಪ್ರತಿ ಕಡಿಮೆಯಾದರೂ ಇಳಿಯುವುದಿಲ್ಲ; ನೂರಿನ್ನೂರು ಪ್ರತಿಗೆ ಡಿಜಿಟಲ್ ಮುದ್ರಣ ನೋಡಿ.

ಯಾರೊಂದಿಗೆ ಸಹಿ ಹಾಕಿದರೂ ಲೇಖಕರ ಪ್ರತಿಗಳ ಜೊತೆಗೆ ಹಾಡಿದವರಿಗೆಂದು ಹತ್ತು ಪ್ರತಿ ಬರೆಸಿಕೊಳ್ಳಿ, ಮತ್ತು ಅವರ ಹೆಸರು ಹಿಂದಿನ ಪುಟದ ಸಣ್ಣಕ್ಷರದಲ್ಲಲ್ಲ, ಶೀರ್ಷಿಕೆ ಪುಟದಲ್ಲಿ ಬರಬೇಕೆಂದು ಕೇಳಿ.