ಬೋಳು ಕತ್ತು ರೋಗ ಅಲ್ಲ

ನಿಮ್ಮ ಕೋಳಿಮರಿಯ ಕತ್ತಿನಲ್ಲಿ ಪುಕ್ಕವೇ ಬಂದಿಲ್ಲ, ಚರ್ಮರೋಗ ಇರಬಹುದಾ ಅಂತ ಕೇಳಿದ್ದೀರಿ. ಮೊಟ್ಟೆಯಿಂದ ಹೊರಬಂದಾಗಿನಿಂದಲೂ ಹಾಗೇ ಇದ್ದು, ಗಾಯ, ಹುರುಪೆ ಏನೂ ಇಲ್ಲದಿದ್ದರೆ ಅದು ಬೋಳು ಕತ್ತಿನ ತಳಿಯ ಗುಣ. ಸುಮ್ನೆ ಔಷಧ ಹಚ್ಚಬೇಡಿ.

ಇದು ನಿರ್ಧಾರವಾಗುವುದು ಮೊಟ್ಟೆಯ ಒಳಗೇ. ಕಾವಿಗೆ ಕೂತ ಸುಮಾರು 7ನೇ ದಿನಕ್ಕೆ ಭ್ರೂಣದ ಬೆನ್ನಿನ ಮೇಲೆ ಪುಕ್ಕದ ಮೊಳಕೆಗಳು ಸಾಲಾಗಿ ಏಳುತ್ತವೆ. ಎಫ್‌ಜಿಎಫ್ ಎಂಬ ಪ್ರೋಟೀನ್ ಜೀವಕೋಶಗಳಿಗೆ 'ಇಲ್ಲಿ ಪುಕ್ಕ ಬರಲಿ' ಅಂತ ಸಂಕೇತ ಕೊಟ್ಟರೆ, ಬಿಎಂಪಿ ಎಂಬ ಇನ್ನೊಂದು ಬಗೆಯ ಪ್ರೋಟೀನ್ 'ಪಕ್ಕದಲ್ಲಿ ಬೇಡ' ಅನ್ನುತ್ತದೆ, ಈ ಎಳೆದಾಟದಿಂದಲೇ ನಾಟಿ ಮಾಡಿದ ಪೈರಿನ ಹಾಗೆ ಪುಕ್ಕಗಳ ನಡುವೆ ಅಂತರ ಉಳಿಯುತ್ತದೆ. ಎಷ್ಟು ಅಚ್ಚುಕಟ್ಟು ಅಲ್ವಾ!

ಬೋಳು ಕತ್ತಿನ ಕೋಳಿಯಲ್ಲಿ ಇದೇ ಬಿಎಂಪಿ ಗುಂಪಿನ ಒಂದು ಪ್ರೋಟೀನ್ ತಯಾರಿಸುವ ಬಿಎಂಪಿ 12 ಜೀನ್ ಜಾಸ್ತಿ ಕೆಲಸ ಮಾಡುತ್ತದೆ. ಹಾಗಾದರೆ ಮೈಯೆಲ್ಲ ಬೋಳಾಗಬೇಕಲ್ವಾ? ಇಲ್ಲ. ಕತ್ತಿನ ಚರ್ಮದಲ್ಲಿ ಎ ಜೀವಸತ್ವದಿಂದ ಆಗುವ ರೆಟಿನಾಯಿಕ್ ಆಮ್ಲ ತಯಾರಾಗುತ್ತದೆ, ಅದು ಅಲ್ಲಿ ಬಿಎಂಪಿಯ ತಡೆಯನ್ನು ಇನ್ನಷ್ಟು ಬಲಪಡಿಸುತ್ತದೆ, ಅದಕ್ಕೇ ಕತ್ತು ಮಾತ್ರ ಬೋಳಾಗುತ್ತದೆ. ಎಡಿನ್‌ಬರೋದ ರೋಸ್ಲಿನ್ ಸಂಶೋಧನಾ ಸಂಸ್ಥೆಯವರು 2011ರಲ್ಲಿ ಇದನ್ನು ತೋರಿಸಿದರು.

ಕತ್ತಿನ ಮುಂಭಾಗದಲ್ಲಿ ಪುಕ್ಕದ ಸಣ್ಣ ಗೊಂಚಲು ಇದೆಯಾ ನೋಡಿ. ಇದ್ದರೆ ಆ ಗುಣ ತಾಯಿ ಅಥವಾ ತಂದೆ, ಒಂದು ಕಡೆಯಿಂದ ಮಾತ್ರ ಬಂದಿರುತ್ತದೆ. ಈ ಕೋಳಿಗಳು ಬೇಸಿಗೆಯ ಸೆಖೆಯನ್ನು ಚೆನ್ನಾಗಿ ತಡೆಯುತ್ತವೆ, ಮಾರಬೇಡಿ, ಸಾಕಿ.